ಹಕ್ಕಿಗೆ ಗುರುತು ಇದೆ, ಮನುಷ್ಯನಿಗೆ?





ಇಂದಿನ ಚಿಂತನೆಗೆ ಒಂದು ಹಳೆಯ ಪ್ರಶ್ನೆಯನ್ನು ತೆಗೆದುಕೊಂಡಿದ್ದೇನೆ. "ಪ್ರಕೃತಿಯಲ್ಲೇ ಜಾತಿ ಇದೆಯಲ್ಲ? ಮರದಲ್ಲಿ ಜಾತಿ, ದನದಲ್ಲಿ ಜಾತಿ, ಹಕ್ಕಿಯಲ್ಲಿ ಜಾತಿ. ಮನುಷ್ಯರಲ್ಲಿ ಮಾತ್ರ ಇರಬಾರದು ಅಂದರೆ ಹೇಗೆ?" ಈ ಮಾತನ್ನು ಕೇಳದೆ ಇರುವವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಬಸ್ಸಿನಲ್ಲಿ ಕೇಳಿದ್ದೇವೆ, ಚಹಾದಂಗಡಿಯಲ್ಲಿ ಕೇಳಿದ್ದೇವೆ, ಡಿಗ್ರಿ ಓದಿದವರ ಬಾಯಲ್ಲೂ ಕೇಳಿದ್ದೇವೆ. ಹೇಳುವವರು ಬೈಯುವ ದನಿಯಲ್ಲಿ ಹೇಳುವುದಿಲ್ಲ. ಬುದ್ಧಿವಂತಿಕೆಯ ಮಾತು ಎನ್ನುವ ಹಾಗೆ ಮೆಲ್ಲಗೆ ಹೇಳುತ್ತಾರೆ. ಹಾಗಾಗಿಯೇ ಇದಕ್ಕೆ ನಾವು ಸಮಾಧಾನದಿಂದ ಯೋಚಿಸಿ ಉತ್ತರ ಕಂಡುಕೊಳ್ಳಬೇಕು. ಈ ವರ್ಷ ನಮ್ಮ ಮನೆಯ ಜಗಲಿಯಲ್ಲಿ ಗೂಡು ಕಟ್ಟಿದ ಒಂದು ಪುಟ್ಟ ಹಕ್ಕಿ ನನಗೆ ಆ ಯೋಚನೆಗೆ ದಾರಿ ಮಾಡಿಕೊಟ್ಟಿತು.

ನಾನು ನಿವೃತ್ತ ಪ್ರಾಥಮಿಕ ಶಾಲೆ ಮೇಷ್ಟ್ರು. ಅಪ್ಪ ಅವ್ವ ಇಬ್ಬರೂ ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿ ಇದ್ದವರು. ಈಗ ಮೂಡಿಗೆರೆ ಹತ್ತಿರದ ಒಂದು ಕಾಲೊನಿಯಲ್ಲಿ ನಮ್ಮದೇ ಮನೆ ಇದೆ. ಮುಂದೆ ನಾಲ್ಕು ದಾಸವಾಳ, ಒಂದು ಸಾಲು ಬಾಳೆ, ಬೇಲಿಗೆ ಎರಡು ಹಾಲುವಾಣದ ಮರ. ಹಾಲುವಾಣ ಕೆಂಪಗೆ ಹೂ ಬಿಡುವ ಕಾಲದಲ್ಲಿ ಸೂರಕ್ಕಿಗಳು ಬರುತ್ತವೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಹಕ್ಕಿ, ಬಾಗಿದ ಸಣ್ಣ ಕೊಕ್ಕು. ಐದನೇ ಕ್ಲಾಸಿನ ಮೊಮ್ಮಗಳು ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ್ದಳು. "ಅಜ್ಜ, ನಮ್ಮನೆಗೆ ಹಮ್ಮಿಂಗ್ ಬರ್ಡ್ ಬಂದಿದೆ!" ಎಂದು ಓಡಿಬಂದಳು.

ಅವಳಿಗೆ ವಿವರ ಹೇಳಿದೆ. ಹಮ್ಮಿಂಗ್ ಬರ್ಡ್ ನಮ್ಮ ದೇಶದಲ್ಲಿ ಇಲ್ಲ. ಅವು ಉತ್ತರ ಮತ್ತು ದಕ್ಷಿಣ ಅಮೆರಿಕಾದಲ್ಲಿ ಮಾತ್ರ ಇವೆ, ಮುನ್ನೂರಕ್ಕೂ ಹೆಚ್ಚು ಬಗೆ. ಗಾಳಿಯಲ್ಲೇ ನಿಂತು ಹೂವಿನ ಸಿಹಿ ಕುಡಿಯುತ್ತವೆ, ಹಿಂದಕ್ಕೂ ಹಾರುತ್ತವೆ. ನಮ್ಮ ಸೂರಕ್ಕಿ ಹೆಚ್ಚಾಗಿ ಕಡ್ಡಿಯ ಮೇಲೆ ಕೂತು, ಕತ್ತು ಬಗ್ಗಿಸಿ ಕುಡಿಯುತ್ತದೆ. ಸೂರಕ್ಕಿಯ ಕುಟುಂಬ ಇರುವುದು ಆಫ್ರಿಕಾ, ಏಷ್ಯಾ ಕಡೆ. ಎರಡಕ್ಕೂ ಹತ್ತಿರದ ನಂಟಿಲ್ಲ. ಆದರೆ ಎರಡೂ ಹೂವಿನ ಸಿಹಿಯನ್ನೇ ನಂಬಿ ಬದುಕಿದ್ದರಿಂದ, ಲಕ್ಷಾಂತರ ವರ್ಷಗಳಲ್ಲಿ ಎರಡಕ್ಕೂ ಸಣ್ಣ ಮೈ, ಉದ್ದ ಕೊಕ್ಕು, ಹೊಳೆಯುವ ಗರಿ ಬಂದಿವೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗೂಡು ಕಟ್ಟಿದ್ದು ಜಗಲಿಯ ಮಾಡಿನಿಂದ ಇಳಿದ ಒಂದು ತಂತಿಗೆ. ಪ್ರತಿ ವರ್ಷ ಪಂಚಶೀಲ ಧ್ವಜ ಕಟ್ಟುವ ತಂತಿ ಅದು. ಕಟ್ಟಿದವಳು ಹೆಣ್ಣು ಹಕ್ಕಿ. ಬೆನ್ನು ಮಾಸಲು ಕಂದು, ಹೊಟ್ಟೆ ತೆಳು ಹಳದಿ. ಜೇಡರ ಬಲೆಯ ನೂಲು ತಂದು ತಂತಿಗೆ ಸುತ್ತುವಳು, ಮತ್ತೆ ಹೋಗುವಳು, ಒಣ ನಾರು ತರುವಳು, ತೊಗಟೆಯ ಚೂರು ತರುವಳು, ಕಂಬಳಿಹುಳದ ಹಿಕ್ಕೆಯನ್ನೂ ತಂದು ಅಂಟಿಸುವಳು. ಕೊನೆಗೆ ನೋಡಿದರೆ ತಂತಿಗೆ ಯಾವುದೋ ಕಸ ಸಿಕ್ಕಿಕೊಂಡು ನೇತಾಡುತ್ತಿದೆ ಅನ್ನಬೇಕು, ಹಾಗಿತ್ತು. ಪಕ್ಕದಲ್ಲಿ ಒಂದು ಬಾಗಿಲು, ಬಾಗಿಲ ಮೇಲೆ ಮಳೆ ತಡೆಯಲು ಸಣ್ಣ ಸೂರು. ಗಂಡು ಹಕ್ಕಿ ಬಣ್ಣದ್ದು: ನೆತ್ತಿ ಹಸಿರು ಮಿಂಚು, ಬೆನ್ನು ಕಂದುಗೆಂಪು, ಸೊಂಟ ಊದಾ, ಹೊಟ್ಟೆ ಅಚ್ಚ ಹಳದಿ. ಈ ಹಕ್ಕಿಗಳು ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತವೆ. ಕಾವು ಎರಡು ವಾರ ಅಥವಾ ಒಂದೆರಡು ದಿನ ಹೆಚ್ಚು. ಮರಿ ಹಾರಲು ಮತ್ತೆ ಎರಡೂವರೆ ವಾರ.

ಮಗ ಅಂಬೇಡ್ಕರ್ ಜಯಂತಿಗೆ ಮನೆಗೆ ಬಣ್ಣ ಹೊಡೆಸಬೇಕು ಎಂದಿದ್ದ. ಮನೆಯವರೆಲ್ಲ ಕೂತು ಮಾತಾಡಿ, ಜಗಲಿಯ ಆ ಬದಿಯನ್ನು ಹಾಗೇ ಬಿಡುವುದು ಎಂದು ತೀರ್ಮಾನಿಸಿದೆವು. ಧ್ವಜ ದಾಸವಾಳದ ಪಕ್ಕದ ಕಂಬಕ್ಕೆ ಹೋಯಿತು. ಪಂಚಶೀಲದ ಮೊದಲ ಶೀಲ ಪ್ರಾಣ ಕಾಯುವ ಶೀಲ. ಕಾನೂನೂ ಅದನ್ನೇ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆ ಒಡೆಯುವುದು, ಗೂಡು ಕೆಡಿಸುವುದು ಬೇಟೆಯ ಲೆಕ್ಕಕ್ಕೇ ಬರುತ್ತದೆ.

ಗೂಡಿನ ಸುದ್ದಿ ಹೇಗೋ ಹರಡಿತು. ಒಂದು ಭಾನುವಾರ ಪೇಟೆಯಿಂದ ಒಬ್ಬರು ದೊಡ್ಡ ಕ್ಯಾಮೆರಾ ಹಿಡಿದು ಬಂದರು. ನಮ್ಮ ಊರಿಗೆ ಇದು ಹೊಸದಲ್ಲ. ಪೂರ್ಣಚಂದ್ರ ತೇಜಸ್ವಿಯವರು ಇದೇ ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡು, ಹಕ್ಕಿಗಳ ಫೋಟೋ ತೆಗೆದುಕೊಂಡು, ಅವುಗಳ ಮೇಲೆ ಪುಸ್ತಕ ಬರೆದು, 2007ರಲ್ಲಿ ತೀರಿಕೊಳ್ಳುವವರೆಗೂ ಇದ್ದವರು. ಹಕ್ಕಿ ನೋಡುವವರನ್ನು ಕಂಡರೆ ನಮ್ಮ ಕಡೆಯವರಿಗೆ ಗೌರವ.

ಬಂದವರು ಒಳ್ಳೆಯ ನಡತೆಯವರು. ಗೂಡಿನ ಹತ್ತಿರ ಹೋಗಲಿಲ್ಲ, ಫ್ಲ್ಯಾಶ್ ಹಾಕಲಿಲ್ಲ, ಅಂಗಳದ ಮೂಲೆಯಲ್ಲಿ ಒಂದು ಗಂಟೆ ಅಲುಗಾಡದೆ ಕೂತರು. ಮೊಮ್ಮಗಳಿಗೆ ಬಗೆಬಗೆಯ ಸೂರಕ್ಕಿಗಳ ಗುರುತು ಹೇಳಿಕೊಟ್ಟರು. ನಮ್ಮ ಘಟ್ಟದಲ್ಲಿ ಮಾತ್ರ ಇರುವ ಚಿಕ್ಕ ಸೂರಕ್ಕಿಗೆ ಬೆನ್ನು ಕೆಂಪು. ಇನ್ನೊಂದು ಬಗೆಯ ಗಂಡು ಮರಿ ಮಾಡುವ ಕಾಲದಲ್ಲಿ ಮೈಯೆಲ್ಲ ಕಪ್ಪುನೀಲಿ ಹೊಳೆಯುತ್ತದೆ, ಕಾಲ ಮುಗಿದ ಮೇಲೆ ಗರಿ ಉದುರಿ ಮಾಸಲಾಗುತ್ತದೆ. ಮತ್ತೊಂದಕ್ಕೆ ಕೊಕ್ಕು ಇನ್ನೂ ಉದ್ದ, ಇನ್ನೂ ಬಾಗಿದ್ದು. ಮಗು ಬಾಯಿ ಬಿಟ್ಟುಕೊಂಡು ಕೇಳಿದಳು.

ಎದ್ದು ಹೊರಡುವಾಗ ಅವರ ಕಣ್ಣು ಬಾಗಿಲ ಮೇಲಿನ ಬಾಬಾಸಾಹೇಬರ ಫೋಟೋ ಕಡೆ ಹೋಯಿತು.

"ಮೇಷ್ಟ್ರೇ, ನಿಮ್ಮದು ಯಾವ ಕಡೆ?"

"ಇದೇ ತಾಲ್ಲೂಕು."

"ಅಲ್ಲ, ನೀವು ಯಾವ ಪೈಕಿ?"

"ನಾವು ಬೌದ್ಧರು."

"ಅದು ಸರಿ. ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆಯೂ ಮನುಷ್ಯರೇ ಸ್ವಾಮಿ."

ನಕ್ಕರು. ನಮ್ಮ ಮನೆಯವಳು ಕಾಫಿ ತಂದಳು. "ಈಗ ತಾನೇ ಕುಡಿದು ಬಂದೆ ಅಮ್ಮ" ಎಂದರು. ಕುಡಿದೇ ಬಂದಿರಬಹುದು. ಅವರ ಬಾಯಾರಿಕೆಯ ಲೆಕ್ಕ ನಾನು ಇಡುವುದಿಲ್ಲ. ಎರಡು ದಿನ ಬಿಟ್ಟು ಫೋಟೋ ಕಳಿಸಿದರು. ಬಹಳ ಚೆನ್ನಾಗಿ ಬಂದಿದೆ.

ಅವರು ಹೋದ ಮೇಲೆ ಮೊಮ್ಮಗಳು ಕೇಳಿದಳು: "ಅಜ್ಜ, ಅವರು ಹಕ್ಕಿಯ ಜಾತಿ ನೋಡಿಯೇ ಹೇಳಿದ್ರು. ನಮ್ಮದು ಯಾಕೆ ಕೇಳಿ ತಿಳ್ಕೊಬೇಕಾಯ್ತು?"

ಬಂಧುಗಳೇ, ಮಗು ಕೇಳಿದ ಈ ಮಾತಿನಲ್ಲೇ ಉತ್ತರ ಇದೆ. ಎರಡೂವರೆ ಸಾವಿರ ವರ್ಷಗಳ ಹಿಂದೆ ಭಗವಾನ್ ಬುದ್ಧರು ಕೊಟ್ಟ ಉತ್ತರವೂ ಇದೇ.

ಸುತ್ತನಿಪಾತದಲ್ಲಿ ವಾಸೆಟ್ಠ ಸುತ್ತ ಇದೆ. ವಾಸೆಟ್ಠ, ಭಾರದ್ವಾಜ ಎಂಬ ಇಬ್ಬರು ಬ್ರಾಹ್ಮಣ ಯುವಕರಲ್ಲಿ ವಾದ ಹುಟ್ಟುತ್ತದೆ. ತಾಯಿಯ ಕಡೆ, ತಂದೆಯ ಕಡೆ ಏಳು ತಲೆಮಾರು ಶುದ್ಧವಾಗಿದ್ದರೆ ಬ್ರಾಹ್ಮಣ ಎನ್ನುತ್ತಾನೆ ಭಾರದ್ವಾಜ. ನಡತೆಯಿಂದ ಬ್ರಾಹ್ಮಣ ಎನ್ನುತ್ತಾನೆ ವಾಸೆಟ್ಠ. ಬಗೆಹರಿಯದೆ ಇಬ್ಬರೂ ಬುದ್ಧರ ಬಳಿ ಬರುತ್ತಾರೆ. ಬುದ್ಧರು ಸೀದಾ ಮನುಷ್ಯರ ಮಾತಿಗೆ ಬರುವುದಿಲ್ಲ. ಮೊದಲು ಹುಲ್ಲು ಮರ ನೋಡಿ ಎನ್ನುತ್ತಾರೆ. ಆಮೇಲೆ ಹುಳ, ಇರುವೆ. ಆಮೇಲೆ ನಾಲ್ಕು ಕಾಲಿನ ಪ್ರಾಣಿಗಳು, ಹಾವುಗಳು, ಮೀನುಗಳು, ರೆಕ್ಕೆಯ ಹಕ್ಕಿಗಳು. ಇವುಗಳಲ್ಲಿ ಹುಟ್ಟಿನಿಂದ ಬಂದ ಗುರುತುಗಳಿವೆ, ಜಾತಿಗಳು ಬೇರೆ ಬೇರೆ ಎಂದು ಒಪ್ಪುತ್ತಾರೆ. ಅದಾದ ಮೇಲೆ ಮನುಷ್ಯನ ಮೈಯನ್ನು ಒಂದೊಂದಾಗಿ ಹುಡುಕುತ್ತಾರೆ. ಕೂದಲು, ತಲೆ, ಕಿವಿ, ಕಣ್ಣು, ಮೂಗು, ತುಟಿ, ಕತ್ತು, ಹೆಗಲು, ಹೊಟ್ಟೆ, ಬೆನ್ನು, ಕೈ, ಕಾಲು. ಎಲ್ಲಿಯೂ ಆ ಬಗೆಯ ಗುರುತು ಸಿಗುವುದಿಲ್ಲ. ಮನುಷ್ಯರಲ್ಲಿ ಇರುವ ಭೇದ ಕರೆಯುವ ಹೆಸರಿನದು ಮಾತ್ರ ಎಂದು ತೀರ್ಮಾನ ಕೊಡುತ್ತಾರೆ.

ಈಗ ಮೊದಲ ಪ್ರಶ್ನೆಗೆ ಬನ್ನಿ. ಪ್ರಕೃತಿಯಲ್ಲಿ ಜಾತಿ ಇದೆಯೇ? ಇದೆ. ಬುದ್ಧರೂ ಇಲ್ಲ ಎನ್ನಲಿಲ್ಲ. ಆ ಅರ್ಥದಲ್ಲಿ ಮನುಷ್ಯರೆಲ್ಲರದ್ದೂ ಒಂದೇ ಜಾತಿ. ಇಂದಿನ ಜೀವವಿಜ್ಞಾನವೂ ಹೇಳುವುದು ಅದನ್ನೇ. ನಮ್ಮ ಎದುರಾಳಿಗಳು ಒಂದೇ ಪದವನ್ನು ಎರಡು ಅರ್ಥದಲ್ಲಿ ಬಳಸುತ್ತಾರೆ. ಹಕ್ಕಿಯ ಜಾತಿ ಎಂದು ಶುರು ಮಾಡಿ ಮನುಷ್ಯನ ಜಾತಿ ಎಂದು ಮುಗಿಸುತ್ತಾರೆ. ಮೊದಲನೆಯದು ಕಣ್ಣಿಗೆ ಕಾಣುತ್ತದೆ. ಎರಡನೆಯದನ್ನು ಬಾಯಿ ಬಿಟ್ಟು ಕೇಳಬೇಕು, ಇಲ್ಲ ಗೋಡೆಯ ಮೇಲಿನ ಫೋಟೋ ನೋಡಿ ಊಹಿಸಬೇಕು. ಬಾಬಾಸಾಹೇಬರು 1936ರಲ್ಲಿ ಜಾತಿ ವಿನಾಶದ ಬಗ್ಗೆ ಬರೆದ ಭಾಷಣದಲ್ಲಿಯೂ ಇದೇ ವಾದ ಬರುತ್ತದೆ. ಪಂಜಾಬಿನ ಬ್ರಾಹ್ಮಣನಿಗೂ ಪಂಜಾಬಿನ ಚಮ್ಮಾರನಿಗೂ ರಕ್ತದಲ್ಲಿ ಏನು ವ್ಯತ್ಯಾಸ ಎಂದು ಅವರು ಕೇಳಿದರು. ಲಾಹೋರಿನಲ್ಲಿ ಆ ಭಾಷಣಕ್ಕೆ ಕರೆದಿದ್ದವರೇ ಅದನ್ನು ಓದಿ ಸಭೆ ರದ್ದು ಮಾಡಿದರು. ಅವರು ಅದನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು.

ಇದಕ್ಕೆ ಅವರು ಒಂದು ಮರುಪ್ರಶ್ನೆ ಹಾಕಬಹುದು. "ಆಯ್ತು, ಆದರೆ ಹಕ್ಕಿಗಳೂ ಜಗಳ ಆಡುತ್ತವೆ, ಬಲವಾದದ್ದು ಬಲಹೀನವನ್ನು ಓಡಿಸುತ್ತದೆ. ಮೇಲು ಕೀಳು ಪ್ರಕೃತಿಯ ನಿಯಮ ತಾನೇ?" ಜಗಳ ಆಡುವುದು ನಿಜ. ನಮ್ಮ ಹಾಲುವಾಣದಲ್ಲಿ ದಿನವೂ ನೋಡುತ್ತೇನೆ, ಒಂದು ಸೂರಕ್ಕಿ ಇನ್ನೊಂದನ್ನು ಅಟ್ಟಿಸಿಕೊಂಡು ಹೋಗುತ್ತದೆ. ಸೂರಕ್ಕಿ ಸಸ್ಯಾಹಾರಿಯೂ ಅಲ್ಲ. ಗೂಡಿಗೆ ಜೇಡನ ನೂಲು ತರುವ ಅದೇ ಕೊಕ್ಕು ಮರಿಗೆ ಜೇಡನನ್ನೇ ತರುತ್ತದೆ. ಪ್ರಕೃತಿ ತುಂಬ ಕರುಣೆಯೇ ಇದೆ ಎಂದು ನಾವು ಸುಳ್ಳು ಹೇಳಬೇಕಾಗಿಲ್ಲ. ಆದರೆ ಒಂದನ್ನು ಗಮನಿಸಿ. ಒಂದು ಸೂರಕ್ಕಿ ಕುಡಿದು ಹೋದ ಹೂವನ್ನು ಇನ್ನೊಂದು ತೊಳೆದು ಕುಡಿಯುವುದಿಲ್ಲ. ಹಸಿವಿಗೆ ಜಗಳ ಇದೆ, ಮೈಲಿಗೆ ಇಲ್ಲ.

ಮೈಲಿಗೆ ಮನುಷ್ಯ ಮಾಡಿದ್ದು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದರು. ಆ ಕೆರೆಯಲ್ಲಿ ದನ ಕುಡಿಯುತ್ತಿತ್ತು, ನಾಯಿ ಕುಡಿಯುತ್ತಿತ್ತು, ಹಕ್ಕಿಗಳಿಗೆ ಅಡ್ಡಿ ಇರಲಿಲ್ಲ. ನಮ್ಮವರು ಒಂದು ಬೊಗಸೆ ಕುಡಿದ ಮೇಲೆ 108 ಕೊಡ ಪಂಚಗವ್ಯ ಸುರಿದು ಕೆರೆ ಶುದ್ಧಿ ಮಾಡಿದರು. ಯಾವ ಕಾಡಿನಲ್ಲಿ, ಯಾವ ಪ್ರಾಣಿ ಹೀಗೆ ಮಾಡುತ್ತದೆ? ಪ್ರಕೃತಿಯ ಹೆಸರು ಹೇಳಿ ಜಾತಿಯನ್ನು ಕಾಯುವವರು ಪ್ರಕೃತಿಯ ಮೇಲೆ ಇಲ್ಲದ ಅಪವಾದ ಹೊರಿಸುತ್ತಿದ್ದಾರೆ.

ಇನ್ನೊಂದು ವಾದವೂ ಬರುತ್ತದೆ, ಇದು ಸ್ವಲ್ಪ ನಯವಾದದ್ದು. "ಒಂದೇ ಕೆಲಸವನ್ನು ತಲೆತಲಾಂತರ ಮಾಡಿದರೆ ಅದಕ್ಕೆ ತಕ್ಕ ಮೈ, ತಕ್ಕ ಬುದ್ಧಿ ಬರುತ್ತದೆ. ಸೂರಕ್ಕಿಗೂ ಹಮ್ಮಿಂಗ್ ಬರ್ಡಿಗೂ ಕೊಕ್ಕು ಬಂದ ಹಾಗೆ." ನೋಡಿ, ಹಕ್ಕಿಗೆ ಕೊಕ್ಕು ಬದಲಾಗಲು ಲಕ್ಷಾಂತರ ವರ್ಷ ಬೇಕು. ಮಧ್ಯದಲ್ಲಿ ಅದು ಬೇರೆ ಕೆಲಸ ಹಿಡಿಯಲಾರದು. ಸೂರಕ್ಕಿಗೆ ಮರಕುಟಿಗನ ಕೆಲಸ ಕೊಟ್ಟರೆ ಸಾಯುತ್ತದೆ. ನನ್ನ ಅಪ್ಪ ಜೀವಮಾನವಿಡೀ ಕಾಫಿ ಗಿಡದ ಬುಡದಲ್ಲಿ ಕಳೆ ಕತ್ತಿ ಹಿಡಿದವರು. ಅವರ ಮಗ ಸೀಮೆಸುಣ್ಣ ಹಿಡಿದ. ನಡುವೆ ಹೋದದ್ದು ಒಂದೇ ತಲೆಮಾರು. ಬೇಕಾದದ್ದು ಹೊಸ ಕೊಕ್ಕಲ್ಲ. ಒಂದು ಶಾಲೆ, ಒಂದು ಹಾಸ್ಟೆಲ್ಲು, ಒಂದು ವಿದ್ಯಾರ್ಥಿವೇತನ ಸಾಕಾಯಿತು. ಜಾತಿ ಎಂದರೆ ಕೆಲಸವನ್ನು ಹಂಚಿದ್ದಲ್ಲ, ಕೆಲಸ ಮಾಡುವವರನ್ನೇ ಹಂಚಿ ಗೋಡೆ ಕಟ್ಟಿದ್ದು ಎಂದು ಬಾಬಾಸಾಹೇಬರು ವಿವರಿಸಿದ್ದು ಇದನ್ನೇ. ಗೋಡೆ ಒಡೆದರೆ ಮನುಷ್ಯ ಆಚೆ ಹೋಗುತ್ತಾನೆ. ಹೋಗಬಲ್ಲ ಎಂಬುದೇ ಅದು ಹುಟ್ಟುಗುಣವಲ್ಲ ಎನ್ನುವುದಕ್ಕೆ ಸಾಕ್ಷಿ.

ಇನ್ನು ಆ ಕ್ಯಾಮೆರಾದವರ ವಿಷಯ. ಅವರನ್ನು ಕೆಟ್ಟವರು ಎಂದು ಬಿಟ್ಟುಬಿಡುವುದು ಸುಲಭ, ಆದರೆ ಅದು ಸತ್ಯವಲ್ಲ. ಹಕ್ಕಿಗೆ ತೊಂದರೆ ಆಗಬಾರದು ಎಂದು ಅವರು ಉಸಿರು ಬಿಗಿಹಿಡಿದು ಕೂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಪ್ರೀತಿ ನಿಜವಾದದ್ದು. ಹಾಗಾದರೆ ಅಂಥ ಪ್ರೀತಿ ಮನುಷ್ಯನ ಹತ್ತಿರ ಬಂದಾಗ ಯಾಕೆ ನಿಂತುಬಿಡುತ್ತದೆ?

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಕರುಣೆ ಮತ್ತು ಮೈತ್ರಿಯ ನಡುವೆ ಒಂದು ಗೆರೆ ಎಳೆಯುತ್ತಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ. ಮೈತ್ರಿ ಅದನ್ನೂ ದಾಟಿ ಎಲ್ಲ ಜೀವಿಗಳಿಗೆ ಹರಡುವ ಪ್ರೀತಿ. ಗಮನಿಸಿ, ದಾಟಿ ಹೋಗುವುದು. ದಾಟಬೇಕಾದರೆ ಮೊದಲು ಅದರ ಮೇಲೆ ಕಾಲಿಡಬೇಕು. ಮನುಷ್ಯರನ್ನು ಬಿಟ್ಟು ಹಕ್ಕಿಗೆ ಜಿಗಿದ ಪ್ರೀತಿಗೆ ಮೆಟ್ಟಿಲು ತಪ್ಪಿದೆ. ಇರುವೆಗೆ ಸಕ್ಕರೆ ಹಾಕಿ ಪಕ್ಕದ ಮನುಷ್ಯನಿಗೆ ನೀರು ಕೊಡದ ಸಂಪ್ರದಾಯವನ್ನು ಈ ದೇಶ ಬಹಳ ಕಾಲ ಪುಣ್ಯ ಎಂದು ಕರೆದಿದೆ. ಹಕ್ಕಿಯನ್ನು ಪ್ರೀತಿಸುವುದು ಸುಲಭ, ಯಾಕೆಂದರೆ ಹಕ್ಕಿ ನಮ್ಮ ಪಂಕ್ತಿಯಲ್ಲಿ ಕೂತು ಊಟ ಕೇಳುವುದಿಲ್ಲ, ನಮ್ಮ ಮನೆಯ ಹೆಣ್ಣು ಕೇಳುವುದಿಲ್ಲ, ನಮ್ಮ ಪಕ್ಕದ ಸೈಟು ಕೇಳುವುದಿಲ್ಲ. ಸರಿಸಮ ಎಂದು ನಿಲ್ಲುವವರನ್ನು ಪ್ರೀತಿಸುವುದು ಕಷ್ಟ.

ಹಾಗೆಂದು ನಾವು ತಿರುಗಿ, "ನಮಗೇ ನ್ಯಾಯ ಸಿಕ್ಕಿಲ್ಲ, ಹಕ್ಕಿ ಕಟ್ಟಿಕೊಂಡು ಏನಾಗಬೇಕು" ಎನ್ನಬಾರದು. ಅದು ಅದೇ ಏಣಿಯನ್ನು ಇನ್ನೊಂದು ತುದಿಯಿಂದ ಕತ್ತರಿಸಿದ ಹಾಗೆ. ನಮ್ಮ ಜಿಲ್ಲೆಗೆ ದೂರವಲ್ಲದ ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ ಅಶೋಕ ಬಂಡೆಯ ಮೇಲೆ ಬರೆಸಿದ ಶಾಸನವಿದೆ. ತಂದೆತಾಯಿಯ ಮಾತು ಕೇಳುವುದು, ಜೀವಿಗಳ ಮೇಲೆ ದಯೆ, ಸತ್ಯ ನುಡಿಯುವುದು, ಈ ಮೂರನ್ನೂ ಒಟ್ಟಿಗೆ ಇಟ್ಟಿದ್ದಾನೆ. ಬೇರೆ ಕಡೆಯ ಸ್ತಂಭ ಶಾಸನದಲ್ಲಿ ಗಿಳಿ, ಮೈನಾ ಮೊದಲಾದ ಹಕ್ಕಿಗಳನ್ನು ಕೊಲ್ಲಬಾರದೆಂದು ಪಟ್ಟಿಯನ್ನೇ ಕೊಟ್ಟಿದ್ದಾನೆ. ಮನೆಯೊಳಗಿನ ನಡತೆ ಬೇರೆ, ಜೀವದಯೆ ಬೇರೆ ಎಂದು ಅವನಿಗೆ ಅನಿಸಲಿಲ್ಲ.

ಈಗ ನಮ್ಮೊಳಗಿನ ಮಾತು. ಇದು ಕಹಿ, ಆದರೂ ಹೇಳಬೇಕು. "ಅದಕ್ಕೂ ಮುಂಚೆ?" ಎಂಬ ಪ್ರಶ್ನೆ ಹೊರಗಿನವರ ಬಾಯಲ್ಲಿ ಮಾತ್ರ ಇಲ್ಲ. ನಮ್ಮಲ್ಲಿ ಮದುವೆ ಮಾತು ಬಂದಾಗ ಹುಡುಗ ಬೌದ್ಧ, ಕುಡಿಯುವುದಿಲ್ಲ, ಕೆಲಸ ಇದೆ ಎಂದ ಮೇಲೂ ಯಾರಾದರೊಬ್ಬರು ತಗ್ಗಿದ ದನಿಯಲ್ಲಿ "ಬಲಗೈಯೋ ಎಡಗೈಯೋ" ಎಂದು ಕೇಳುತ್ತಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮನುಷ್ಯರೆಲ್ಲ ಸಮಾನರು ಎಂಬ ನಂಬಿಕೆಯೂ ಒಂದು. ಅದರಲ್ಲಿ ಬಲ, ಎಡ ಎಂಬ ರಿಯಾಯಿತಿ ಇಲ್ಲ. ಹೊರಗಿನವರು ಕೇಳಿದಾಗ ನೋವಾಗುವ ಪ್ರಶ್ನೆ, ನಾವೇ ಇನ್ನೊಬ್ಬರಿಗೆ ಕೇಳಿದಾಗಲೂ ಅಷ್ಟೇ ನೋಯಿಸುತ್ತದೆ.

"ಹಾಗಾದರೆ ಸರ್ಟಿಫಿಕೇಟಿನಲ್ಲಿ ಯಾಕೆ ಬರೆಸುತ್ತೀರಿ?" ಎಂದು ಕೆಲವರು ಚುಚ್ಚುತ್ತಾರೆ. ಬೌದ್ಧರಾದ ಪರಿಶಿಷ್ಟರಿಗೆ ಆ ಹಕ್ಕು 1990ರ ತಿದ್ದುಪಡಿಯಿಂದ ಸಿಕ್ಕಿದೆ. ಡಾಕ್ಟರು "ಗಾಯ ಎಲ್ಲಿ ಆಗಿದೆ?" ಎಂದು ಕೇಳುವುದಕ್ಕೂ, ಎದುರು ಕೂತವರು ಯಾವ ಲೋಟ ಕೊಡಬೇಕು ಎಂದು ತಿಳಿಯಲು ಕೇಳುವುದಕ್ಕೂ ಅಂತರ ಇದೆ. ಒಂದು ಗಾಯ ವಾಸಿ ಮಾಡಲು. ಇನ್ನೊಂದು ಗಾಯ ಮಾಡಲು. ಪ್ರಶ್ನೆ ಒಂದೇ ಆದರೂ ಕೇಳುವ ಉದ್ದೇಶ ಬೇರೆ. ಕರ್ಮವನ್ನು ತೂಗುವುದು ಉದ್ದೇಶದಿಂದ ಎಂದು ನಮ್ಮ ಧಮ್ಮ ಕಲಿಸುತ್ತದೆ.

ಮೊಮ್ಮಗಳಿಗೆ ನಾನು ಹೇಳಿದ್ದು ಇಷ್ಟೇ: "ಪುಟ್ಟಿ, ಹಕ್ಕಿಗೆ ಅದರ ಗುರುತು ಮೈಮೇಲೆ ಇದೆ, ಅದಕ್ಕೇ ನೋಡಿ ಹೇಳಿದ್ರು. ನಮ್ಮ ಮೈಮೇಲೆ ಅಂಥದ್ದು ಏನೂ ಇಲ್ಲ, ಅದಕ್ಕೇ ಕೇಳಬೇಕಾಯ್ತು. ಇಲ್ಲದ್ದನ್ನು ಯಾರಾದರೂ ಕೇಳಿದರೆ ನಾಚಿಕೆ ಕೇಳಿದವರಿಗೆ ಇರಲಿ, ನಿನಗೆ ಬೇಡ." ಅವಳಿಗೆ ಎಷ್ಟು ಅರ್ಥವಾಯಿತೋ. ಮಾರನೆ ದಿನ ಶಾಲೆಯಿಂದ ಬಂದು, "ನಮ್ಮ ಕ್ಲಾಸಿನಲ್ಲಿ ಎಲ್ಲರ ಕಿವಿ ಮೂಗು ನೋಡಿದೆ ಅಜ್ಜ, ಏನೂ ಗೊತ್ತಾಗಲ್ಲ" ಎಂದಳು. ವಾಸೆಟ್ಠ ಸುತ್ತದ ಪರೀಕ್ಷೆಯನ್ನು ಮಗು ತಾನೇ ಮಾಡಿ ಮುಗಿಸಿತ್ತು.

ಇಂದಿನ ಅಭ್ಯಾಸ:

ಇವತ್ತು ಹೊಸಬರು ಯಾರಾದರೂ ಸಿಕ್ಕರೆ, ಅವರು ಯಾರ ಪೈಕಿ ಎಂದು ಮನಸ್ಸು ಹುಡುಕಲು ಹೊರಡುತ್ತದೆ. ಹೆಸರಿನಲ್ಲಿ, ಮಾತಿನಲ್ಲಿ, ಊರಿನಲ್ಲಿ, ಗೋಡೆಯ ಫೋಟೋದಲ್ಲಿ. ಹಾಗೆ ಹೊರಟ ಕ್ಷಣವನ್ನು ಗಮನಿಸಿ. ಬೈದುಕೊಳ್ಳುವುದು ಬೇಡ, ಗಮನಿಸಿದರೆ ಸಾಕು. ಆ ಪ್ರಶ್ನೆಯ ಜಾಗದಲ್ಲಿ ಇನ್ನೊಂದನ್ನು ಇಡಿ: "ನೀರು ಬೇಕಾ?" "ದೂರದಿಂದ ಬಂದಿರಾ?" "ನನ್ನಿಂದ ಏನಾಗಬೇಕು?" ಸಂಜೆ ಮನೆಯ ಮಕ್ಕಳ ಜೊತೆ ಕೂತು ವಾಸೆಟ್ಠ ಸುತ್ತದ ಕಥೆ ಹೇಳಿ. ಹೇಳುವಾಗ ಅವರವರ ಕಿವಿ, ಮೂಗು, ಕೈ ಮುಟ್ಟಿಸಿ ಹೇಳಿ. ಪುಸ್ತಕಕ್ಕಿಂತ ಬೇಗ ತಲುಪುತ್ತದೆ.

ಮನೆಯಲ್ಲಿ ಮದುವೆ ಮಾತುಕತೆ ನಡೆಯುತ್ತಿರುವವರು ಇದ್ದರೆ, ಈ ಚಿಂತನೆಯನ್ನು ಅವರಿಗೆ ತಪ್ಪದೆ ಕಳಿಸಿ.

ಸಕಲ ಜೀವಿಗಳೂ ಸುಖವಾಗಿರಲಿ. ಮನುಷ್ಯರೂ ಆ ಸಕಲದಲ್ಲಿ ಸೇರಿದ್ದಾರೆ ಎಂಬುದು ನಮ್ಮ ನೆನಪಿನಲ್ಲಿರಲಿ.

ಭವತು ಸಬ್ಬ ಮಂಗಳಂ. ಸಾಧು, ಸಾಧು, ಸಾಧು.

ಜೈಭೀಮ್.